‘ನೀವರ ಬರ್ರಿ’ ಅಂತ ಬರೆದಿದ್ದೆ

ಅಣ್ಣನ ಮಗಳ ಲಗ್ನ ಗೊತ್ತಾದಾಗ ಪತ್ರಿಕೆಯ ಮಜಕೂರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದೂರ ಇದ್ದವನಿಗೆ ಬೇರೆ ಯಾವ ಕೆಲಸ ಹಚ್ಚಲಿಕ್ಕೂ ಬರುವುದಿಲ್ಲ. ಜರ್ಮನಿಯ ಮೈಂಟ್ಸ್‌ನಲ್ಲಿ ಕೂತವನಿಗೆ ಹಂದರ ಹಾಕಿಸು, ಜವಳಿಗೆ ಬಾ ಅಂತ ಹೇಳಿ ಏನು ಉಪಯೋಗ? “ಕಾಕಾ, ನೀವು ಛಲೋ ಬರೀತೀರಿ. ಮಜಕೂರ ನೀವ ಬರದು ಕಳಸ್ರಿ” ಅಂದ ಅಣ್ಣನ ಮಗ. ಆ ಮಾತು ಎಷ್ಟು ಹಿತವಾಯಿತೆಂದರೆ, ಅವತ್ತು ರಾತ್ರಿ ಅದನ್ನು ಹೆಂಡತಿಗೆ ಎರಡು ಸಲ ಹೇಳಿದೆ.

ಇಲ್ಲಿ ರವಿವಾರ ಅಂಗಡಿಗಳೆಲ್ಲ ಬಂದ್. ಓಣಿಯಲ್ಲಿ ಸಪ್ಪಳ ಅನ್ನುವುದೇ ಇರುವುದಿಲ್ಲ. ಅಂಥ ಒಂದು ರವಿವಾರ ಮುಂಜಾನೆ ಚಹಾ ಇಟ್ಟುಕೊಂಡು, ಹಾಳೆ ಪೆನ್ನು ಹಿಡಿದು ಕೂತೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಊಟದ ಹೊತ್ತಾಯಿತು. ಎರಡು ಹಾಳೆ ಹರಿದು ಹಾಕಿದೆ. ಕಷ್ಟ ಕೊಟ್ಟದ್ದು ಮೂರನೆಯ ಸಾಲು. ನಮ್ಮ ದೊಡ್ಡಜ್ಜಿ, ಅಂದರೆ ಅಪ್ಪನ ಅವ್ವ, ಹೋಗಿ ಎರಡು ವರ್ಷ. “ಮೊಮ್ಮಗನ ಮಗಳ ಲಗ್ನಕ್ಕ ಹೂರಣ ನಾನ ರುಬ್ಬತೇನಿ” ಅಂತ ಹೇಳುತ್ತ ಹೇಳುತ್ತಲೇ ಹೋದಳು. ಅದನ್ನು ಬಿಟ್ಟು ಪತ್ರಿಕೆ ಬರೆಯಲು ಮನಸ್ಸಾಗಲಿಲ್ಲ. ಬರೆದರೆ ಮಂಗಳ ಕಾರ್ಯದಲ್ಲಿ ಅಳು ಬಂದಂತೆ ಆಗಬಾರದು. ಕೊನೆಗೆ ಹೀಗೆ ಬಂತು: ‘ನಮ್ಮ ದೊಡ್ಡಜ್ಜಿ ಇದ್ದಿದ್ದರೆ ಹೋಳಿಗೆಯ ಹೂರಣ ತಾನೇ ರುಬ್ಬುತ್ತಿದ್ದಳು. ಆಕಿ ಇಲ್ಲ, ನೀವರ ಬರ್ರಿ.’

ಫೋಟೊ ತೆಗೆದು ಕಳಿಸಿದೆ. ನಾಲ್ಕು ದಿನಕ್ಕೆ ಪ್ರೂಫ್ ಬಂತು. ಮೇಲೆ ವೀರನಾರಾಯಣ ಪ್ರಸನ್ನ, ಬಾಜೂಕ ಗಣಪತಿ, ಎಲ್ಲ ಸರಿ. ಮಜಕೂರು ಮಾತ್ರ ನನ್ನದಲ್ಲ. ‘ನಮ್ಮ ಹಿರಿಯರಾದ ದಿವಂಗತ ಅಜ್ಜಿಯವರ ದಿವ್ಯ ಆಶೀರ್ವಾದದೊಂದಿಗೆ ಜರುಗಲಿರುವ ಈ ಮಂಗಳ ಕಾರ್ಯಕ್ಕೆ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ನೂತನ ವಧೂವರರನ್ನು ಹರಸಬೇಕಾಗಿ ವಿನಂತಿ. ತಮ್ಮ ಉಪಸ್ಥಿತಿಯೇ ನಮಗೆ ಅಮೂಲ್ಯ ಉಡುಗೊರೆ.’ ಸಕುಟುಂಬ ಅಂದ ಮೇಲೆ ಸಪರಿವಾರ ಯಾಕೆ, ಎರಡೂ ಅಂದ ಮೇಲೆ ಸಮೇತ ಯಾಕೆ ಅಂತ ಕೇಳುವ ಉಸಾಬರಿಗೆ ಯಾರೂ ಹೋಗಿರಲಿಲ್ಲ.

ಫೋನ್ ಹಚ್ಚಿದೆ. ಹುಡುಗ ಖುಷಿಯಲ್ಲಿದ್ದ. “ಕಾಕಾ, ನೀವು ಬರದದ್ದನ್ನ ಫೋನಿಗೆ ಹಾಕಿ, ಇದನ್ನ ಸ್ವಲ್ಪ ಛಂದ ಮಾಡಿಕೊಡು ಅಂದೆ. ಎರಡ ಸೆಕೆಂಡಿನ್ಯಾಗ ಮಾಡಿಕೊಡ್ತು ನೋಡ್ರಿ!” ಅವನ ಮಾತಿನಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಕಾಕಾನ ಹರಿದ ಅಂಗಿಗೆ ಹೊಲಿಗೆ ಹಾಕಿಸಿಕೊಟ್ಟೆ ಅನ್ನುವಂಥ ಪ್ರೀತಿ. ನಾನು ಏನು ಹೇಳಲಿ? ಪ್ರೂಫಿಗೆ ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ. ಆ ಹೆಬ್ಬೆರಳನ್ನೂ ನನಗೆ ಫೋನೇ ಮುಂದೆ ತಂದು ತೋರಿಸಿತ್ತು.

ನಾನು ಕಂಪೋಜಿಟರನ ಮಗ, ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವನ ಮಗ. ಈ ಸಿಟ್ಟಿಗೆ ಅದೂ ಒಂದು ಕಾರಣ ಇರಬೇಕು.

ಗದಗ ಅಂದರೆ ಹೊರಗಿನವರಿಗೆ ವೀರನಾರಾಯಣನ ಗುಡಿ, ಪುಟ್ಟರಾಜ ಗವಾಯಿಗಳ ಆಶ್ರಮ, ಬಹಳಾದರೆ ಮಿರ್ಚಿ ಬಜಿ. ನಮ್ಮ ಓಣಿಯವರಿಗೆ ಗದಗ ಅಂದರೆ ಪ್ರೆಸ್ಸು. ಬೆಟಗೇರಿಯ ಕಡೆ ಮಗ್ಗದ ಸಪ್ಪಳ ಹೇಗೋ, ಈ ಕಡೆ ಟ್ರೆಡಲ್ ಮಷಿನ್ನಿನ ಸಪ್ಪಳ ಹಾಗೆ. ಕ್ಯಾಲೆಂಡರು, ಪಂಚಾಂಗ, ರಶೀದಿ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲ ನಮ್ಮೂರಲ್ಲಿ ಅಚ್ಚಾಗುತ್ತಿದ್ದವು. ಅಪ್ಪ ಇಪ್ಪತ್ತೆರಡು ವರ್ಷ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿದ.

ಎಡಗೈಯಲ್ಲಿ ಸ್ಟಿಕ್ಕು, ಅಂದರೆ ಮೊಳೆಗಳನ್ನು ಸಾಲಾಗಿ ಕೂಡಿಸುವ ಪಟ್ಟಿ; ಮುಂದೆ ಇಳಿಜಾರಾಗಿ ಇಟ್ಟ ಕೇಸು, ಮೊಳೆಯ ಗೂಡುಗಳ ಪೆಟ್ಟಿಗೆ. ಕನ್ನಡದ ಕೇಸು ಅಂದರೆ ಇಂಗ್ಲಿಷಿನಂತೆ ಇಪ್ಪತ್ತಾರಕ್ಕೆ ಮುಗಿಯುವ ಬಾಬತ್ತಲ್ಲ. ಕಾಗುಣಿತ ಬೇರೆ, ಒತ್ತು ಬೇರೆ, ಗೂಡುಗಳು ನೂರಾರು. ಅಪ್ಪನ ಕಣ್ಣು ಹಸ್ತಪ್ರತಿಯ ಮೇಲೆ, ಬಲಗೈ ತಾನೇ ಗೂಡು ಹುಡುಕಿಕೊಂಡು ಹೋಗುತ್ತಿತ್ತು. ಮೊಳೆಯ ಮೈಗೆ ಒಂದು ಕಚ್ಚು ಇರುತ್ತದೆ, ಬೆರಳಿಗೆ ಅದು ಹತ್ತಿದರೆ ಮೊಳೆ ಸರಿ ನಿಂತಿದೆ ಅಂತ ಅರ್ಥ, ನೋಡಬೇಕಾಗಿಲ್ಲ. ಎತ್ತಿಕೊಂಡ ಮೊಳೆಯನ್ನು ಸ್ಟಿಕ್ಕಿನಲ್ಲಿ ಇಟ್ಟು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಸಾಲು ಸಡಿಲಾಗಿ ಬೀಳುತ್ತದೆ. ಹಾಗಾಗಿ ಸಾಲು ಬೆಳೆದಂತೆಲ್ಲ ಹೆಬ್ಬೆರಳು ಸರಿಯುತ್ತ ಹೋಗುತ್ತಿತ್ತು. ಅಕ್ಷರಗಳು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ. ಅಪ್ಪನಿಗೆ ಅದೇ ನೆಟ್ಟಗೆ ಕಾಣುತ್ತಿತ್ತು. ಸಂಜೆ ನಾನು ಪಾಠ ಓದುತ್ತಿದ್ದರೆ ಎದುರಿಗೆ ಕೂತು, ನನ್ನ ಪುಸ್ತಕವನ್ನು ಆ ಕಡೆಯಿಂದಲೇ ತಲೆಕೆಳಗಾಗಿ ಓದಿ, “ಸಾಲು ಜಿಗದಿ ನೋಡು” ಅನ್ನುತ್ತಿದ್ದ. ಆತನ ಮುಂದೆ ಕಳ್ಳಾಟ ನಡೆಯುತ್ತಿರಲಿಲ್ಲ.

ಅಪ್ಪ ಹೇಳುವ ಒಂದು ಪ್ರಸಂಗ ಇದೆ. ಒಬ್ಬ ಮಾಸ್ತರರ ಪುಸ್ತಕ ಕಂಪೋಜಿಗೆ ಬಂದಿತ್ತು. ಮಾಸ್ತರರಿಗೆ ‘ಅಲ್ಲದೆ’, ‘ಎಲ್ಲ’, ‘ಅಲ್ಲಲ್ಲಿ’ ಬಹಳ ಪ್ರೀತಿ. ಎಂಟನೇ ಪುಟಕ್ಕೆ ಲ ಒತ್ತಿನ ಗೂಡು ಬರಿದಾಯಿತು. ಮೊದಲಿನ ಫರ್ಮಾ, ಅಂದರೆ ಒಟ್ಟಿಗೆ ಅಚ್ಚಿಗೆ ಹೋಗುವ ಪುಟಗಳ ಕಟ್ಟು, ಅಚ್ಚಾಗಿ ಮೊಳೆ ವಾಪಸ್ ಕೇಸಿಗೆ ಬೀಳುವತನಕ ಕೂತರೆ ಎರಡು ದಿನ ಹೋಗುತ್ತದೆ. ಅಪ್ಪ ಸೈಕಲ್ ಹತ್ತಿ ಮಾಸ್ತರರ ಮನೆಗೆ ಹೋದ. “ಮಾಸ್ತರ್ರ, ಲಾ ಒತ್ತು ಮುಗದಾವು. ಈ ಪುಟದಾಗ ನಾಕು ‘ಅಲ್ಲದೆ’ ಕಡಿಮಿ ಮಾಡಾಕ ಬರತೈತೇನ್ರಿ?” ಮಾಸ್ತರರು ಮೊದಲು ಸಿಡಿಮಿಡಿ ಮಾಡಿದರು. ಆಮೇಲೆ ಕಟ್ಟೆಯ ಮೇಲೆ ಕೂತು ಹಾಳೆ ನೋಡಿದರು. ನಾಲ್ಕಲ್ಲ, ಒಂಬತ್ತು ಹೊಡೆದು ಹಾಕಿದರು. ಒಂದು ಕಡೆ ಇಡೀ ವಾಕ್ಯವೇ ಹೋಯಿತು. ಪುಸ್ತಕ ಬಂದ ಮೇಲೆ ಅಪ್ಪನ ಕೈಗೆ ಒಂದು ಪ್ರತಿ ಕೊಟ್ಟು, “ನಿನ್ನ ಒತ್ತು ಮುಗದದ್ದು ನನಗ ಉಪಕಾರ ಆತು” ಅಂದರಂತೆ.

ನಾನು ಹೇಳಬೇಕೆಂದಿರುವುದು ಈ ಪ್ರಸಂಗದಲ್ಲೇ ಇದೆ. ಸಲಕರಣೆ ನಮ್ಮ ಕೈಯನ್ನು ಒಂದಿಷ್ಟು ಹಿಡಿದು ಜಗ್ಗಬೇಕು. ಆ ಜಗ್ಗಾಟದ ಹೊತ್ತಿನಲ್ಲೇ ತಲೆ ಕೆಲಸ ಮಾಡುವುದು. ಬೆಣ್ಣೆಯಲ್ಲಿ ಕೂದಲು ಸರಿದ ಹಾಗೆ ಮಾತು ಬಂದುಬಿಟ್ಟರೆ, ಬಂದದ್ದು ನಮ್ಮದೋ ಇನ್ನೊಬ್ಬರದೋ ಅಂತ ನೋಡುವವರೇ ಇರುವುದಿಲ್ಲ.

ಮೈಂಟ್ಸ್‌ಗೆ ಬಂದು ಹನ್ನೊಂದು ವರ್ಷ. ನೌಕರಿ ಸಿಕ್ಕಿತು ಬಂದೆ, ಅಷ್ಟೇ. ಇದು ಯುರೋಪಿಗೆ ಮೊಳೆಯ ಅಚ್ಚು ತಂದ ಗುಟೆನ್‌ಬರ್ಗನ ಊರು ಅಂತ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಮಗಳು ಇಲ್ಲೇ ಶಾಲೆಗೆ ಹೋಗುತ್ತಾಳೆ. ಮೂರನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಕೈಯೆಲ್ಲ ನೀಲಿ ಮಾಡಿಕೊಂಡು ಬಂದು, ಒಂದು ಚೀಟಿ ಹಿಡಿದು ಕುಣಿದಳು. ಫ್ಯೂಲರ್‌ಫ್ಯೂರರ್‌ಶೈನ್ ಅಂತೆ. ಅಂದರೆ ಶಾಯಿ ಪೆನ್ನು ಹಿಡಿಯುವ ಲೈಸೆನ್ಸು! ಪೆನ್ಸಿಲಿನಲ್ಲಿ ಅಕ್ಷರ ದುಂಡಗೆ ಬರುವತನಕ ಶಾಯಿ ಪೆನ್ನಿಲ್ಲ; ಬಂದ ಮೇಲೆ ಶಾಲೆಯೇ ಈ ಲೈಸೆನ್ಸು ಕೊಡುತ್ತದೆ. (ಆಗಿನ್ನೂ ನನಗೆ ಇಲ್ಲಿನ ಡ್ರೈವಿಂಗ್ ಲೈಸೆನ್ಸು ಸಿಕ್ಕಿರಲಿಲ್ಲ. ನಮ್ಮೂರಿನದು ಇಲ್ಲಿ ಆರು ತಿಂಗಳ ಮೇಲೆ ನಡೆಯುವುದಿಲ್ಲ. ಮನೆಯಲ್ಲಿ ಲೈಸೆನ್ಸು ಇದ್ದದ್ದು ಅಕಿಗೊಬ್ಬಳಿಗೇ, ಅದನ್ನು ದಿನಾ ಎತ್ತಿ ಆಡುತ್ತಿದ್ದಳು.)

ಪಾಲಕರ ಸಭೆಯಲ್ಲಿ ನಾನು ಕೇಳಿಯೇ ಬಿಟ್ಟೆ, ಈ ಕಾಲದಲ್ಲಿ ಶಾಯಿ ಪೆನ್ನು ಯಾಕೆ ಅಂತ. ಮಗಳ ಟೀಚರು ನನ್ನನ್ನು ಪಾಪ ಅನ್ನುವ ಹಾಗೆ ನೋಡಿದಳು. ಕೈ ನಿಧಾನ ಆದರೆ ತಲೆಗೆ ಪುರಸೊತ್ತು ಸಿಗುತ್ತದೆ, ಅಂದಳು. ಅಪ್ಪನ ಸ್ಟಿಕ್ಕು ನೆನಪಾಗಿ ಸುಮ್ಮನೆ ಕೂತೆ.

ಇಲ್ಲಿಯವರ ಕೈಬರಹದ ರುಚಿ ನನಗೆ ಇನ್ನೊಂದು ರೀತಿಯಲ್ಲೂ ಹತ್ತಿದೆ. ಕೆಳಗಿನ ಮನೆಯ ಮುದುಕಿ ಒಂದು ರವಿವಾರ ನಮ್ಮ ಪೋಸ್ಟಿನ ಡಬ್ಬಿಯಲ್ಲಿ ಪತ್ರ ಹಾಕಿದ್ದಳು. ಮೇಲೆ ತಾರೀಖು, ಊರು, ಸಂಬೋಧನೆ; ಆಮೇಲೆ ಆರು ಸಾಲಿನಲ್ಲಿ ನಮ್ಮ ಕುಕ್ಕರಿನ ಸೀಟಿಯ ಬಗ್ಗೆ ದೂರು. ನನಗೆ ತಲೆ ಕೆಟ್ಟಿತು. ಉತ್ತರ ಬರೆಯಲು ಕೂತೆ. ಮೊದಲನೆಯದರಲ್ಲಿ, ಕುಕ್ಕರ್ ಸೀಟಿ ಹೊಡೆಯದೆ ಬೇಳೆ ಬೇಯುವುದಿಲ್ಲ, ಬೇಳೆ ಬೇಯದೆ ನಾವು ಬದುಕುವುದಿಲ್ಲ ಅಂತ ಏನೇನೋ ಬರೆದೆ. ಜರ್ಮನ್ ತಪ್ಪಾಯಿತು. ಎರಡನೆಯದನ್ನು ಬರೆಯುವಾಗ ಸಿಟ್ಟು ಅರ್ಧ ಇಳಿದಿತ್ತು. ಮೂರನೆಯದರಲ್ಲಿ ಕ್ಷಮೆ ಕೇಳಿ, ಬರುವ ರವಿವಾರ ಉಪ್ಪಿಟ್ಟು ತಿನ್ನಲು ಬರ್ರಿ ಅಂತ ಕರೆದಿದ್ದೆ. ಬಂದಳು. ಎರಡು ಸಲ ಹಾಕಿಸಿಕೊಂಡು ತಿಂದಳು. ಈಗ ಸೀಟಿ ಕೇಳಿದರೆ ಏನು ಅಡುಗೆ ಅಂತ ಮೆಟ್ಟಿಲ ಮೇಲೆ ವಿಚಾರಿಸುತ್ತಾಳೆ.

ಅದೇ ವರ್ಷ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಲಗ್ನದ ಕಾರ್ಯಾಲಯ ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಅನ್ನುವ ಮಾತು ಎದ್ದಿತ್ತು. ರಾತ್ರಿ ಒಂಬತ್ತಕ್ಕೆ ಶುರುವಾದದ್ದು ಹನ್ನೊಂದೂವರೆಗೆ ನೂರಾ ನಲವತ್ತು ಸಂದೇಶ ದಾಟಿತ್ತು. ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆ ಅನ್ನುವುದೇ ತಿಳಿಯದು. ಒಬ್ಬರು ಹೊಟೇಲ್ ಬಗ್ಗೆ ಅಂದದ್ದನ್ನು ಇನ್ನೊಬ್ಬರು ತಮ್ಮ ಮನೆಯ ಬಗ್ಗೆ ಅಂದುಕೊಂಡರು. ಹನ್ನೆರಡಕ್ಕೆ ದೊಡ್ಡ ಅಳಿಯಂದಿರು ಗುಂಪು ಬಿಟ್ಟು ಹೋದರು. ಅವರನ್ನು ವಾಪಸ್ ಸೇರಿಸಲು ಅಣ್ಣ ಧಾರವಾಡದತನಕ ಹೋಗಿ, ಲೈನ್ ಬಜಾರಿನ ಪೇಡೆ ಕೊಟ್ಟು, ಮುಖತಃ ಮಾತಾಡಿ ಬರಬೇಕಾಯಿತು. ಒಬ್ಬೊಬ್ಬರೂ ಒಂದೊಂದು ಇನ್‌ಲ್ಯಾಂಡ್ ಪತ್ರ ಬರೆದಿದ್ದರೆ ಆ ಜಗಳ ಮೊದಲನೇ ಪತ್ರ ಮಡಚುವಾಗಲೇ ಸತ್ತಿರುತ್ತಿತ್ತು.

ಅಪ್ಪ ಅವ್ವ ಇಲ್ಲಿಗೆ ಒಂದೇ ಸಲ ಬಂದಿದ್ದರು. ಊರು ತೋರಿಸುವುದು ಅಂದರೆ ಆಗ ಇಲ್ಲಿ ಮೂರು: ರೈನ್ ನದಿ, ದೊಡ್ಡ ಇಗರ್ಜಿ, ಅದರ ಎದುರಿಗೆ ಗುಟೆನ್‌ಬರ್ಗ್ ಮ್ಯೂಸಿಯಂ. ನದಿ ನೋಡಿ ಅವ್ವ ನಮ್ಮ ತುಂಗಭದ್ರಾದಷ್ಟು ಅಗಲ ಇಲ್ಲ ಅಂದಳು. ಇಗರ್ಜಿಯಲ್ಲಿ ಅಪ್ಪ ಸುಮ್ಮನಿದ್ದ. ಮ್ಯೂಸಿಯಮ್ಮಿನಲ್ಲಿ ಮಂದ ಬೆಳಕಿನ ಕೋಣೆಯೊಂದರಲ್ಲಿ, ಗಾಜಿನೊಳಗೆ, 1450ರ ದಶಕದಲ್ಲಿ ಅಚ್ಚಾದ ಬೈಬಲ್ ಇಟ್ಟಿದ್ದರು. ಪುಟಕ್ಕೆ 42 ಸಾಲಿನ ಎರಡು ಕಾಲಮ್ಮು. ಜನ ಕೈಮುಗಿಯುವ ಹಾಗೆ ನಿಂತು ನೋಡಿ ಮುಂದೆ ಹೋಗುತ್ತಿದ್ದರು. ಅಪ್ಪ ಬಗ್ಗಿದ, ಕನ್ನಡಕ ಸರಿ ಮಾಡಿಕೊಂಡ, ಬಲಬದಿಯ ಅಂಚನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಎದ್ದು ನಿಂತು, ಸಹೋದ್ಯೋಗಿಯ ಬಗ್ಗೆ ಹೇಳುವ ಹಾಗೆ, “ಜಸ್ಟಿಫಿಕೇಶನ್ ಛಲೋ ಮಾಡ್ಯಾನ” ಅಂದ. ಸಾಲುಗಳ ಅಂಚು ಸಮ ಬಂದಿದೆ ಅಂತ ಅರ್ಥ.

ಆ ಮ್ಯೂಸಿಯಮ್ಮಿನದೇ ಒಂದು ಡ್ರುಕ್‌ಲಾಡೆನ್ ಇದೆ, ಅಚ್ಚಿನ ಕೋಣೆ. ಬಂದವರು ಕೈಯಿಂದ ಮೊಳೆ ಜೋಡಿಸಿ ಅಚ್ಚು ಹಾಕಿ ನೋಡಬಹುದು. ಏಪ್ರನ್ ಕಟ್ಟಿಕೊಂಡ ಒಬ್ಬ ಮುದುಕ ಅಪ್ಪನ ಕೈಗೆ ಸ್ಟಿಕ್ಕು ಕೊಟ್ಟು, ಹೇಗೆ ಹಿಡಿಯಬೇಕು ಅಂತ ಜರ್ಮನ್‌ನಲ್ಲಿ ಶುರು ಮಾಡಿದ. ನಾನು ಅನುವಾದ ಮಾಡಲು ಬಾಯಿ ತೆರೆದೆ. ಅಪ್ಪನ ಎಡಗೈ ಆಗಲೇ ತನ್ನ ಜಾಗ ಹಿಡಿದಿತ್ತು. ಇಪ್ಪತ್ತು ವರ್ಷದ ಮೇಲಾಗಿತ್ತು ಆತ ಸ್ಟಿಕ್ಕು ಮುಟ್ಟಿ. ಹೆಬ್ಬೆರಳು ಸಾಲಿನ ಕೊನೆಗೆ ಹೋಗಿ ಕೂತು, ಒಂದೊಂದು ಮೊಳೆಗೆ ಒಂದೊಂದು ಕೂದಲೆಳೆಯಷ್ಟು ಸರಿಯಿತು. ಮೊಮ್ಮಗಳ ಹೆಸರು ಜೋಡಿಸಿದ, ಇಂಗ್ಲಿಷ್ ಅಕ್ಷರದಲ್ಲಿ, ಕೇಸಿನ ಗೂಡು ಯಾವುದು ಎಲ್ಲಿ ಅಂತ ಎರಡೇ ಸಲ ಕೇಳಿ. ಮುದುಕ ಬೆರಳು ತೋರಿಸುವುದು ಬಿಟ್ಟು, ಕೈಕಟ್ಟಿ ನಿಂತು ನೋಡುತ್ತಿದ್ದ. “ಜೇರ್ ಗೂಟ್” ಅಂದ, ಬಹಳ ಛಲೋ ಅಂತ. ಅಪ್ಪನಿಗೆ ಅದು ಅರ್ಥವಾಗಿರಬೇಕು, “ನಮ್ಮ ಕೇಸಿನ್ಯಾಗ ಇದರ ಹತ್ತು ಪಟ್ಟು ಗೂಡು ಇದ್ವು ಅಂತ ಹೇಳು ಅವಂಗ” ಅಂದ. ಹೇಳಿದೆ. ಮುದುಕ ನಂಬಲಿಲ್ಲ. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಮಂಗಳೂರಲ್ಲಿ ಹೊರಡಿಸಿದವನು ಮೋಗ್ಲಿಂಗ್ ಅನ್ನುವ ನಿಮ್ಮ ಜರ್ಮನ್ ಪಾದ್ರಿಯೇ, ಅದೂ ಕಲ್ಲಚ್ಚಿನಲ್ಲಿ ಅಂದೆ. ಅದನ್ನೂ ನಂಬಿದಂತೆ ಕಾಣಲಿಲ್ಲ.

ಈಗ ಲಗ್ನಕ್ಕೆ ಬರೋಣ. ಎರಡು ವಾರದ ರಜೆ ಹಾಕಿ ಊರಿಗೆ ಹೋದೆ. ಅಣ್ಣನ ಮಗನ ಜೊತೆಗೇ ಓಡಾಟ. ಅವನು ಟೈಪ್ ಮಾಡುವುದನ್ನು ನಾನು ನೋಡಲೇ ಇಲ್ಲ. ಎಲ್ಲ ಫೋನಿಗೆ ಹೇಳುವುದು, ಅದು ಬರೆದುಕೊಳ್ಳುವುದು. ಕಾರ್ಯಾಲಯದ ಬಾಗಿಲಲ್ಲಿ ನಿಂತು ಅಡಿಗೆಯವರಿಗೆ ಸಂದೇಶ ಹೇಳಿದ: “ಹಾಲಿನ ಮುಂದ ನಿಂತೇವಿ, ಲಗೂನ ಬರ್ರಿ.” ಫೋನು ಏನು ಕೇಳಿಸಿಕೊಂಡಿತೋ, ಹಾಲು, ನಿಂಬೆ, ಲಗಾನ್ ಅಂತ ಏನೋ ಬರೆಯಿತು. ಹುಡುಗ ಅದನ್ನು ಅಳಿಸಿ, ಗಂಟಲು ಸರಿಮಾಡಿಕೊಂಡು, ಟೀವಿ ವಾರ್ತೆಯವರ ದನಿಯಲ್ಲಿ ಹೇಳಿದ: “ಸಭಾಂಗಣದ ಮುಂದೆ ನಿಂತಿದ್ದೇವೆ, ಬೇಗ ಬನ್ನಿ.” ಥಟ್ಟನೆ ಸರಿ ಬಂತು. ನನಗೆ ಮೈ ಜುಮ್ಮೆಂದಿತು. ನಾವು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಾಗ ಮೈಸೂರು ಕಡೆಯ ಹುಡುಗರು ನಮ್ಮ ಮಾತಿಗೆ ನಕ್ಕರೆ ಹೊಡೆದಾಟಕ್ಕೇ ಹೋಗುತ್ತಿದ್ದೆವು. ಈಗ ಯಾರೂ ನಗುವುದಿಲ್ಲ, ಬೈಯುವುದಿಲ್ಲ. ತಿಳಿಯಲಿಲ್ಲ ಅಂತ ತೋರಿಸಿದರೆ ಸಾಕು, ನಾವೇ ನಾಲಿಗೆ ಬದಲಿಸಿಕೊಳ್ಳುತ್ತೇವೆ. ‘ನೀವರ ಬರ್ರಿ’ ಪತ್ರಿಕೆಯಿಂದ ಹೇಗೆ ಬಿದ್ದು ಹೋಯಿತು ಅಂತ ಅಲ್ಲಿ ಗೊತ್ತಾಯಿತು. ಫೋನಿಗೆ ಅದು ಕನ್ನಡ ಅಂತಲೇ ಅನಿಸಿಲ್ಲ.

‘ಆಕಿ ಇಲ್ಲ, ನೀವರ ಬರ್ರಿ’ ಅನ್ನುವುದನ್ನು ‘ದಿವ್ಯ ಆಶೀರ್ವಾದದೊಂದಿಗೆ’ ಅಂತ ಮಾಡಿದರೆ ಮಾತಷ್ಟೇ ಬದಲಾಯಿತು ಅಂತೀರೇನು? ಮೊದಲನೆಯದರಲ್ಲಿ ಒಬ್ಬ ಮುದುಕಿ ಇಲ್ಲ. ಎರಡನೆಯದರಲ್ಲಿ ಆಕೆ ಮೊದಲೂ ಇರಲಿಲ್ಲ.

ಲಗ್ನದ ಮರುದಿನ ವೀರನಾರಾಯಣನ ಗುಡಿಗೆ ಹೋಗಿದ್ದೆವು. ಕುಮಾರವ್ಯಾಸ ಕೂತು ಬರೆದ ಅನ್ನುವ ಕಂಬದ ಹತ್ತಿರ ನಿಂತು ನಾನು ಉಪದೇಶ ಶುರು ಮಾಡಿದೆ, ಬರೆಯುವುದು ಅಂದರೆ ಹೀಗೆ, ತೂಕ ಮಾಡಿ ಬರೆಯಬೇಕು ಅಂತ. ಹುಡುಗ ಬಿ.ಇ. ಮಾಡಿದವನಾದರೂ ಶಾಲೆಯಲ್ಲಿ ಕನ್ನಡ ಚೆನ್ನಾಗಿ ಕಲಿತವನು. “ಕಾಕಾ, ಹಲಗಿ ಬಳಪ ಹಿಡೀಲಿಲ್ಲ, ಇಟ್ಟ ಪದ ಅಳಸಲಿಲ್ಲ ಅಂತ ಆತನ ಹೇಳ್ಕೊಂಡಾನ. ನಾನೂ ಹಲಗಿ ಬಳಪ ಹಿಡಿಯೂದಿಲ್ಲ, ಬಂದದ್ದನ್ನ ಅಳಸೂದಿಲ್ಲ” ಅಂದ. ಗುಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ನನ್ನ ಬಾಯಿ ಕಟ್ಟಿತು. ಉತ್ತರ ಹೊಳೆದದ್ದು ರಾತ್ರಿ ಹಾಸಿಗೆಯಲ್ಲಿ, ಎಂದಿನಂತೆ. ಆತನಿಗೆ ಹಲಗೆ ಬೇಡವಾಗಿತ್ತು, ಯಾಕೆಂದರೆ ಹಲಗೆ ತಲೆಯೊಳಗೇ ಇತ್ತು. ತಾಳೆಗರಿಯ ಮೇಲೆ ಕಂಠದಿಂದ, ಅಂದರೆ ಕಬ್ಬಿಣದ ಲೇಖನಿಯಿಂದ, ಗೀರಿದರೆ ಗೀರಿದ್ದೇ, ಒರೆಸಲು ಬರುವುದಿಲ್ಲ. ಆ ಭಯ ಇದ್ದವನು ಕೊರೆಯುವ ಮೊದಲು ಇಡೀ ಪದ್ಯ ಒಳಗೆ ಕಟ್ಟಿಕೊಳ್ಳಬೇಕು. ಕೋನೇರಿಯಲ್ಲಿ ಮಿಂದು ಉಟ್ಟ ಒದ್ದೆ ಬಟ್ಟೆ ಆರುವತನಕ ಮಾತ್ರ ಆತ ಬರೆಯುತ್ತಿದ್ದ ಅನ್ನುವ ಕತೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಹುಡುಗನಿಗೆ ಇದನ್ನು ಮುಂಜಾನೆ ಹೇಳಬೇಕು ಅಂದುಕೊಂಡೆ. ಅವನು ಆಗಲೇ ಬೀಗರನ್ನು ಬಿಡಲು ಹುಬ್ಬಳ್ಳಿಗೆ ಹೋಗಿದ್ದ.

ನನ್ನ ತಕರಾರು ಫೋನಿನ ಮೇಲೆ ಅಷ್ಟಿಲ್ಲ, ನಮ್ಮೂರಿನ ಮೇಲೆ. ಹೊಸದು ಬಂತು ಅಂದರೆ ಹಳೆಯದನ್ನು ಗುಜರಿಗೆ ಹಾಕುವ ಅವಸರ ನಮಗೆ ಎಲ್ಲಿಂದ ಬಂತು? ಇಷ್ಟು ಪ್ರೆಸ್ಸುಗಳಿದ್ದ ಊರಲ್ಲಿ ಒಂದು ಕೇಸು, ಒಂದು ಟ್ರೆಡಲ್ ತೋರಿಸು ಅಂದರೆ ಅಪ್ಪ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗಲಾಗಲಿಲ್ಲ. ಮೊಳೆಯನ್ನೆಲ್ಲ ಸೀಸದ ತೂಕಕ್ಕೆ ಮಾರಿದರಂತೆ. ಜರ್ಮನಿಯವರು ಕಂಪ್ಯೂಟರು ತಂದರು, ಶಾಯಿ ಪೆನ್ನನ್ನೂ ಇಟ್ಟುಕೊಂಡರು. ನಾವು ಒಂದನ್ನು ತರಬೇಕಾದರೆ ಇನ್ನೊಂದನ್ನು ಹೊರಗೆ ಹಾಕಲೇಬೇಕು.

ಹೀಗೆ ಬರೆದು ಅಪ್ಪನಿಗೆ ಓದಿ ಹೇಳಿದೆ, ಫೋನಿನಲ್ಲೇ. ಆತ ನಕ್ಕ. “ಸೀಸ ಉಂಡು ಉಂಡು ನನ್ನ ಹೊಟ್ಟಿ ಹಾಳಾಗಿತ್ತು, ನಿನಗ ಅದು ನೆನಪಿಲ್ಲ. ಡಿಟಿಪಿ ಬಂದಾಗ ನಾ ಕಾಯಿ ಒಡಸಿದ್ದೆ” ಅಂದ. ಮೊಳೆ ಹೋದದ್ದಕ್ಕೆ ಆತನಿಗೆ ನನ್ನಷ್ಟು ಸಂಕಟ ಇಲ್ಲ. ತೊಂಬತ್ತರ ದಶಕದಲ್ಲಿ ಪ್ರೆಸ್ಸಿನ ಮಾಲಕರು ಕಂಪ್ಯೂಟರ್ ತಂದಾಗ ಮೊದಲು ಅದರ ಮುಂದೆ ಕೂತವನು ಆತನೇ. ಪತ್ರಿಕೆಯ ಪ್ರೂಫ್ ಕೂಡ ಆತ ನೋಡಿದ್ದ, ‘ವಧುವರ’ ಅಂತ ಇದ್ದದ್ದನ್ನು ‘ವಧೂವರ’ ಮಾಡಿಸಿದ್ದ. ನನ್ನ ಸಾಲು ಹೋದದ್ದು ಗೊತ್ತೇ ಇರಲಿಲ್ಲವಂತೆ.

ಇನ್ನು ಜರ್ಮನರ ಕಾಗದದ ಪ್ರೀತಿ. ಅದರ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಬಹಳಷ್ಟು ಸಲ ಅದು ವಿಚಾರವಂತಿಕೆ ಅಲ್ಲ, ಹಟ. ಒಂದು ಕಚೇರಿ ನನ್ನ ಕಾಗದಪತ್ರ ಫ್ಯಾಕ್ಸಿನಲ್ಲಿ ಕಳಿಸು ಅಂದಿತ್ತು. ಫ್ಯಾಕ್ಸ್ ಮಷಿನ್ ಹುಡುಕಿಕೊಂಡು ನಾನು ಅರ್ಧ ದಿನ ತಿರುಗಿದೆ. ಎಲ್ಲದಕ್ಕೂ ಅಂಚೆಯಲ್ಲಿ ಪತ್ರ, ಪತ್ರಕ್ಕೆ ಮತ್ತೊಂದು ಪತ್ರ. ಕೈಯಿಂದ ಬರೆದರೆ ತಲೆಗೆ ಹೆಚ್ಚು ಹತ್ತುತ್ತದೆ ಅಂತ 2014ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳ ನೋಟ್ಸ್ ಪರೀಕ್ಷಿಸಿ ಹೇಳಿದ್ದರು. ಇದನ್ನು ನಾನು ಊಟಕ್ಕೆ ಕೂತ ಪಂಕ್ತಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅದೇ ಪರೀಕ್ಷೆಯನ್ನು ಆಮೇಲೆ ಮತ್ತೆ ಮಾಡಿ ನೋಡಿದವರಿಗೆ ಅಷ್ಟು ಖಚಿತ ಉತ್ತರ ಸಿಗಲಿಲ್ಲ. ಇದನ್ನು ಮಾತ್ರ ಹೇಳುತ್ತಿರಲಿಲ್ಲ.

ಪತ್ರಿಕೆ ಓದಿದ ಬೆಟಗೇರಿಯ ಅತ್ತಿ, ಅಂದರೆ ದೊಡ್ಡಜ್ಜಿಯ ಸ್ವಂತ ಮಗಳು, ಹಂದರದಲ್ಲಿ ನನ್ನ ಕೈ ಹಿಡಿದು, “ನಮ್ಮವ್ವನ್ನ ಮರೀಲಿಲ್ಲ ನೀವು, ಆಶೀರ್ವಾದ ಅಂತ ಮ್ಯಾಲ ಹಾಕಸೀರಿ” ಅಂತ ಕಣ್ಣು ಒರೆಸಿಕೊಂಡಿದ್ದಳು. ಆಕೆಗೆ ಹೂರಣದ ಸಾಲಿನ ಕತೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅವ್ವನ ವಿಷಯ ಕೊನೆಗೆ ಇಟ್ಟುಕೊಂಡಿದ್ದೆ, ಬರೆಯದೇ ಬಿಡುವ ವಿಚಾರವೂ ಇತ್ತು. ಅವ್ವ ಕಲಿತದ್ದು ನಾಲ್ಕನೇ ಇಯತ್ತೆ. ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಮನೆಯಿಂದ ಇನ್‌ಲ್ಯಾಂಡ್ ಬರುತ್ತಿತ್ತು. ಅಪ್ಪ ಬರೆಯುವನು, ಕೆಳಗೆ ಎರಡು ಸಾಲು ಅವ್ವನದು. ‘ಶೇಂಗಾ ಹೋಳಗಿ ಕಳಶೇನಿ, ಗೆಳ್ಯಾರಿಗೂ ಕೊಡು.’ ಅಪ್ಪನಿಗೆ ಪ್ರೂಫಿನ ಚಟ. ಆಕೆ ಬರೆದದ್ದನ್ನು ಅಂಚೆಗೆ ಹಾಕುವ ಮೊದಲು ಕೆಂಪು ಪೆನ್ನು ತೆಗೆದು, ‘ಕಳಶೇನಿ’ಗೆ ಸುತ್ತು ಹಾಕಿ, ಅಂಚಿನಲ್ಲಿ ‘ಕಳಿಸಿದ್ದೇನೆ’ ಅಂತ ಬರೆದುಬಿಡುವನು. ಬೇಕಂತ ಅಲ್ಲ, ಕೈ ತಾನೇ ಹೋಗುತ್ತಿತ್ತು. ನಾನೂ ಹಾಸ್ಟೆಲ್ಲಿನಲ್ಲಿ ಅದನ್ನು ಗೆಳೆಯರಿಗೆ ತೋರಿಸಿ ನಗುತ್ತಿದ್ದೆ. ಎರಡನೇ ವರ್ಷದಿಂದ ಅವ್ವನ ಸಾಲು ಬರುವುದು ನಿಂತಿತು. ‘ಅವ್ವನ ಆಶೀರ್ವಾದಗಳು’ ಅಂತ ಅಪ್ಪನ ಅಕ್ಷರದಲ್ಲಿ ಬರುತ್ತಿತ್ತು, ಒಂದೂ ತಪ್ಪಿಲ್ಲದೆ. ಯಾಕೆ ನಿಂತಿತು ಅಂತ ನಾನು ಆಗ ಕೇಳಲಿಲ್ಲ. ಮಾಸ್ತರರಿಗೆ ಒತ್ತು ಮುಗಿದದ್ದು ಉಪಕಾರವಾಯಿತು, ನಿಜ. ಅವ್ವನಿಗೆ ಆ ಜಗ್ಗಾಟದಲ್ಲಿ ಇಡೀ ಕೇಸೇ ಬರಿದಾಗಿತ್ತು.

ನಾಲ್ಕು ವರ್ಷದ ಹಿಂದೆ ಅಣ್ಣನ ಮಗ, ಇದೇ ಹುಡುಗ, ಅವ್ವನಿಗೆ ಫೋನಿನ ಮೈಕ್ ಒತ್ತಿ ಹಿಡಿಯುವುದನ್ನು ಕಲಿಸಿದ. ಅಕ್ಷರ ಮಾಡುವುದು ಬೇಡ, ದನಿ ಹಾಗೇ ಬರುತ್ತದೆ. ಅಂದಿನಿಂದ ದಿನಾ ನನಗೆ ಒಂದು. ಇಲ್ಲಿ ನಾನು ಮುಂಜಾನೆ ಟ್ರಾಮ್ ಹತ್ತಿ, ಕಿವಿಗೆ ಹಚ್ಚಿಕೊಂಡು ಕೇಳುತ್ತೇನೆ. ಮೊನ್ನೆಯದು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿನದು. ಮದುಮಗಳು ತವರಿಗೆ ಬಂದದ್ದು, ಹಿತ್ತಲ ನುಗ್ಗೆ ಗಾಳಿಗೆ ಬಿದ್ದದ್ದು, ಬೀಗರ ಮನೆಯವರು ಕೊಟ್ಟ ಸೀರೆಯ ಬಣ್ಣ, ಕಪ್ಪತಗುಡ್ಡದ ಕಡೆ ಮಳೆಯಾಗಿ ಈ ಕಡೆ ಆಗದೆ ಇದ್ದದ್ದು. ತೂಕ ಇಲ್ಲ, ಒಪ್ಪ ಇಲ್ಲ, ಒಂದರ ಬಾಲ ಹಿಡಿದು ಇನ್ನೊಂದು. “ಸೋಮವಾರ ಮುಂಜಾನಿ ಬಂದ್ಲು ಹುಡುಗಿ” ಅನ್ನುವಾಗ ಹಿಂದಿನಿಂದ ಅಪ್ಪನ ದನಿ ಕೇಳಿಸಿತು, “ಸೋಮವಾರ ಅಲ್ಲ, ಮಂಗಳವಾರ.”

“ನೀವು ಸುಮ್ಕಿರ್ರಿ, ಅವಂಗ ನಾ ಹೇಳಾಕತ್ತೇನಿ” ಅಂದಳು ಅವ್ವ. ಒಂದು ಗಳಿಗೆ ಮಾತು ಕೇಳಿಸಲಿಲ್ಲ, ಕೇಳಿಸಿದ್ದು ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಳೆ ಹೊರಳಿಸಿದ ಸಪ್ಪಳ ಇರಬೇಕು. ಆಮೇಲೆ, “ಸೋಮವಾರನ” ಅಂತ ಹೇಳಿ, ನುಗ್ಗೆಗಿಡದ ವಿಷಯಕ್ಕೆ ಬಂದಳು.